ಥಂಡಿ ಗಾಡಿಯ ಬಾಗಿಲು

ಹುಮನಾಬಾದ
19 ಮೇ 2025

ಅಪ್ಪಾ, ಜೈಭೀಮ್.

ಮೋರಖಂಡಿಗೂ ಹುಮನಾಬಾದಿಗೂ ಒಂದೂವರಿ ತಾಸಿನ ಹಾದಿ, ಅದಕ್ಕ ಟಪಾಲು ಯಾಕ ಅಂತ ನಗಬ್ಯಾಡ. ಫೋನ್ ಹಚ್ಚಿದ್ರ ನೀ "ಆತಾತು, ಗಾಡಿ ಹೊಡ್ಯಾಕತ್ತೇನಿ, ಇಡು" ಅಂತಿ. ಬುದ್ಧ ಪೌರ್ಣಿಮಿಗೆ ನಾ ಮನಿಗೆ ಬಂದಾಗ ದಿನಾ ಪೂರಾ ವಿಹಾರದ ಕಟ್ಟಿ ಮ್ಯಾಲ ಕುಂತಿದ್ದಿ. ನನ್ನ ಮುಂದ ಕುಂತು ಒಂದು ತುತ್ತು ಉಣ್ಣಲಿಲ್ಲ. ಅವ್ವ "ಬಿಸಲಿಗಿ ಹಂಗಾಗ್ಯಾನ" ಅಂದಳು. ನಾನೂ ನಂಬಿದ್ದೆ.

ಇವತ್ತು ಡೈರಿಯೊಳಗ ನಿನ್ನ ಗಾಡಿಯ ಲಾಗರ್ ತೆಗದು ಕಂಪ್ಯೂಟರಿಗೆ ಹಚ್ಚೀನಿ. ಬೆಂಕಿಪೆಟಗಿಯಷ್ಟು ಡಬ್ಬಿ ಅದು, ನಿನಗ ಗೊತ್ತದ. ಗಾಡಿ ಒಳಗ ಎಷ್ಟು ಥಂಡ ಇತ್ತು ಅಂತ ಐದೈದು ನಿಮಿಷಕ್ಕೊಮ್ಮೆ ಬರಕೊಂಡು ಇಡತದ. ಎಂಟನೇ ತಾರೀಖಿನ ಗೆರಿ ಎರಡೆರಡು ಸಲ ತೆಗದು ನೋಡಿದೆ.

ಅವತ್ತು ನೀ ನಾರಾಯಣಪುರದ ಮದುವಿಗೆ ಹತ್ತು ಕ್ಯಾನು ಬಾಸುಂದಿ ಒಯ್ದಿದ್ದಿ. ಹೇರೋ ಮುಂದ ನಾನೇ ಥರ್ಮಾಮೀಟರಿನ ಸೂಜಿ ಅದ್ದಿ ನೋಡೀನಿ, ಮೂರು ಡಿಗ್ರಿ. ಹನ್ನೆರಡು ಇಪ್ಪತ್ತರ ತನಕಾ ಗೆರಿ ಸಪಾಟು ಅದ. ಆಮ್ಯಾಲ ಇಪ್ಪತ್ತೊಂಬತ್ತು ಡಿಗ್ರಿಗಿ ಹೋಗ್ಯಾದ. ನಾಕೂ ಕಾಲು ತನಕಾ ಕೆಳಗ ಇಳದಿಲ್ಲ. ಆದ್ರ ಮಾಲು ಇಳಿಸಿದ ಚೀಟಿ ಮ್ಯಾಲ ನೀ "ನಾಲ್ಕು ಡಿಗ್ರಿ" ಅಂತ ಬರದೀದಿ.

ಆ ಮದುವಿ ಊಟಕ್ಕ ಅರವತ್ನಾಲ್ಕು ಮಂದಿ ವಾಂತಿ-ಭೇದಿ ಆಗಿ ಮಲಗಿದ್ರು. ಮದುಮಗನ ಅಜ್ಜಿ ಹನ್ನೊಂದು ದಿನ ಆತು, ಇನ್ನೂ ಕಲಬುರ್ಗಿ ದವಾಖಾನ್ಯಾಗ ಅದಾಳ. ಅಡಗಿ ಮಾಡಿದ ಬಸವಕಲ್ಯಾಣದ ಸುಂದರಬಾಯಿ ಮ್ಯಾಲ ತಪ್ಪು ಬಂತು. ಆಕಿ ನೀರಿನ ಡ್ರಮ್ಮು ಸ್ವಚ್ಛ ಇರಲಿಲ್ಲ ಅಂದ್ರು, ಪೇಪರಿನಾಗ ಹೆಸರು ಹಾಕಿದ್ರು. ಬಾಸುಂದಿ ಒಂದು ಹನಿ ಉಳದಿರಲಿಲ್ಲ, ಹಿಂಗಾಗಿ ಯಾರೂ ಅದನ್ನ ತಪಾಸಣಿ ಮಾಡಲಿಲ್ಲ.

ಮ್ಯಾನೇಜರ್ ಸಾಹೇಬ್ರಿಗಿ ಗೆರಿ ತೋರಿಸಿದೆ. "ಲಾಗರಿನಾಗ ಮೂವತ್ತು ದಿನದ್ದು ಮಾತ್ರ ಉಳೀತದ. ನೀ ಏನೂ ಅಳಿಸಬ್ಯಾಡ, ಏನೂ ತೆಗೀಬ್ಯಾಡ. ಜೂನ್ ಎಂಟಕ್ಕ ತಾನೇ ಹೋಗತದ" ಅಂದ್ರು.

ಡೀಸೆಲ್ ಉಳಿಸಾಕ ಥಂಡಿ ಮಶೀನ್ ಬಂದ್ ಮಾಡಿದ್ದ್ಯಾ ಅಪ್ಪಾ? ಬ್ಯಾರೆ ಡ್ರೈವರಗೋಳು ಮಾಡತಾರ, ನನಗ ಗೊತ್ತದ. ನೀನೂ ಮಾಡಿದ್ದ್ಯಾ?

ನಿನ್ನ ಮಗಳು
ಆಮ್ರಪಾಲಿ


ಮೋರಖಂಡಿ
23 ಮೇ 2025

ಮಗಾ ಆಮ್ರಪಾಲಿ,

ಕಾಗದ ಮುಟ್ಟಿತು. ನಾವು ಆರಾಮ ಅದೀವಿ. ನಿಮ್ಮವ್ವನ ಮೊಣಕಾಲು ಬ್ಯಾನಿ ಜರಾ ಕಮ್ಮಿ ಅದ. ಬಿಸಲು ಭಾಳ ಅದ, ನೀ ಮಧ್ಯಾಹ್ನ ಹೊರಗ ತಿರಗಬ್ಯಾಡ.

ಅವತ್ತು ಮಶೀನು ಕೆಟ್ಟಿತ್ತು. ಆಮ್ಯಾಲ ತಾನೇ ಚಾಲೂ ಆತು. ಡಬ್ಬಿನೂ ಹಳೇದು, ಸುಳ್ಳು ಬರದಿರಬೇಕು.

ಇಪ್ಪತ್ತಾರು ವರ್ಷ ಗಾಡಿ ಹೊಡದೀನಿ. ಡೀಸೆಲ್ ಉಳಿಸಾಕ ಮಂದಿ ಹೊಟ್ಟಿಗಿ ಕೆಟ್ಟದ್ದು ಹಾಕೋ ಮನಶ್ಯಾ ನಿಮ್ಮಪ್ಪ ಅಲ್ಲ. ಅಷ್ಟು ನಂಬು. ಉಳದದ್ದು ಕೇಳಬ್ಯಾಡ.

ನಿನ್ನ ಅಪ್ಪ
ನರಸಿಂಗ


ಹುಮನಾಬಾದ
27 ಮೇ 2025

ಅಪ್ಪಾ,

ಕೇಳಬ್ಯಾಡ ಅಂದಿ. ಅದಕ್ಕ ಸುಂದರಬಾಯಿ ಅವರ ಮನಿಗೇ ಹೋಗಿ ಬಂದೆ.

ರವಿವಾರ ಹೋಗಿದ್ದೆ. ಕಿಲ್ಲೆದ ಹಿಂದಿನ ಗಲ್ಲ್ಯಾಗ ಎರಡು ಖೋಲಿ ಮನಿ. ಡೈರಿಯಿಂದ ಬಂದೀನಿ ಅಂತಷ್ಟೇ ಹೇಳಿದೆ, ಯಾರ ಮಗಳು ಅಂತ ಹೇಳಲಿಲ್ಲ. ಅಂಗಳದಾಗ ಅಡಗಿಯ ದೊಡ್ಡ ದೊಡ್ಡ ಪಾತೇಲಿ ಬೋರಲು ಹಾಕಿದ್ರು. ಒಂದರ ಮ್ಯಾಲ ಬೆಕ್ಕು ಮಲಗಿತ್ತು. ಈ ತಿಂಗಳದಾಗ ಹಿಡದಿದ್ದ ನಾಕು ಮದುವಿಯವರು ಬ್ಯಾಡ ಅಂದ್ರಂತ. ಒಬ್ಬರಂತೂ ಬಂದು ಹೇಳಲೂ ಇಲ್ಲ, ಆಕಿ ಕಣ್ಣ ಮುಂದೇ ಬ್ಯಾರೆ ಅಡಗಿಯವರನ್ನ ಜೀಪಿನಾಗ ಕೂಡಿಸಿಕೊಂಡು ಹೋದ್ರಂತ.

ನಾ ತಿಳಕೊಂಡಿದ್ದೆ, ಆಕಿ ಸಿಟ್ಟಿನಾಗ ಇರತಾಳ, ಡೈರಿಯವರಿಗಿ ಬೈತಾಳ ಅಂತ. ಇಲ್ಲ ಅಪ್ಪಾ. "ನೀರು ಕುದಿಸಿದ್ದೆ ತಂಗಿ, ಡ್ರಮ್ಮು ತಿಕ್ಕಿ ತೊಳದಿದ್ದೆ. ಆದ್ರ ಅರವತ್ನಾಲ್ಕು ಮಂದಿ ಸುಳ್ಳು ನರಳತಾರೇನು? ನನಗೇ ತಿಳೀದಂಗ ಎಲ್ಲೋ ತಪ್ಪೀನಿ" ಅಂದಳು. ಇಪ್ಪತ್ತು ವರ್ಷ ಮಂದಿಗಿ ಉಣ್ಣಿಸಿದಾಕಿ, ಕೈ ಮುಂದ ಚಾಚಿ ನನಗ ತೋರಸ್ತಾಳ, ಉಗುರು ನೋಡು ಅಂತಾಳ. ನಾ ಏನು ನೋಡಲಿ?

ಮಶೀನು ಕೆಟ್ಟಿತ್ತು ಅಂತ ಬರದೀದಿ. ಮಶೀನು ಕೆಟ್ಟರ ಗೆರಿ ನಿಧಾನ ಏರತದ, ಗಾಡಿ ಒಳಗಿನ ಥಂಡಿ ತಾಸೆರಡು ತಾಸು ತಡೀತದ. ಇದು ಹತ್ತು ನಿಮಿಷದಾಗ ಹಾರಿ ಕುಂತದ. ಬಾಗಿಲು ತೆರದಿತ್ತು. ನಾ ಈ ಕೆಲಸದಾಗ ಮೂರು ವರ್ಷ ಅದೀನಿ ಅಪ್ಪಾ, ನನಗ ಇಷ್ಟು ತಿಳೀತದ.

ನಲವತ್ತಮೂರು ಡಿಗ್ರಿ ಬಿಸಲಾಗ ಥಂಡಿ ಗಾಡಿಯ ಬಾಗಿಲು ಯಾಕ ತೆಗದಿ?

ಆಮ್ರಪಾಲಿ


ಮೋರಖಂಡಿ
2 ಜೂನ್ 2025

ನನ್ನವ್ವಾ,

ಈ ಕಾಗದ ಬರ್ಯಾಕ ಎರಡು ದಿನ ಹಿಡೀತು. ಏಳನೇ ಕ್ಲಾಸ್ ತನಕಾ ಕಲತವನ ಕೈ, ತಪ್ಪಿದ್ರ ತಿದ್ದಿ ಓದು. ನಿಮ್ಮವ್ವಗ ಇನ್ನೂ ಹೇಳಿಲ್ಲ.

ಅವತ್ತು ರಾಜೇಶ್ವರ ದಾಟಿದೆ. ರೋಡಿನ ಕೆಲಸ ನಡದಿತ್ತು. ಒಬ್ಬಾಕಿ ಮುದುಕಿ ರೋಡಿನ ನಟ್ಟನಡುವ ನಿಂತು ಓಢಣಿ ಬೀಸಾಕತ್ತಿದ್ದಳು. ನನ್ನ ಮುಂದಿನ ಬಸ್ಸು ಹೋಯ್ತು, ಒಂದು ಕಾರು ಹೋಯ್ತು. ನಾ ನಿಲ್ಲಿಸಿದೆ. ಆಕಿ ಹೆಸರು ಮುನ್ನಿ ಬೀ, ಅಲ್ಲೇ ಖಡಿ ಹೊರೋ ಕೆಲಸದಾಕಿ. ಒಬ್ಬ ಹುಡುಗ ನೆಲದ ಮ್ಯಾಲ ಬಿದ್ದಿದ್ದ. ಹುಡುಗ ಅಂದ್ರ ಮೂವತ್ತು ಇರಬೇಕು. ಕೊಹಿನೂರದ ಪಂಡರಿ ಅಂತ. ಮುಟ್ಟಿ ನೋಡಿದೆ, ಮೈ ಹಂಚಿನಂಗ ಸುಡಾಕತ್ತಿತ್ತು. ಬೆವರು ಒಂದು ಹನಿ ಇಲ್ಲ. ಯಾರನ್ನೋ ಕರೀತಿದ್ದ, ಮಾತು ಹತ್ತತಿರಲಿಲ್ಲ.

ಆಂಬುಲೆನ್ಸಿಗೆ ಫೋನ್ ಮಾಡ್ಯಾರ, ಅದು ಬ್ಯಾರೆ ಕಡಿ ಹೋಗ್ಯಾದ, ಬರಾಕ ಹೊತ್ತಾಗತದ ಅಂದ್ರು. ಮುನ್ನಿ ಬೀ ನನ್ನ ಗಾಡಿ ಮೈ ಮ್ಯಾಲ ಕೈ ಇಟ್ಟು ನೋಡಿದಳು. "ಬೇಟಾ, ಯೆ ಥಂಡೀ ಗಾಡಿ ಹೈ ನಾ? ಅಂದರ್ ಡಾಲೋ ಇಸ್ಕೂ" ಅಂದಳು, ಒಳಗ ಹಾಕು ಇವನ್ನ ಅಂತ.

"ಅಮ್ಮಾ, ಒಳಗ ತಿನ್ನೋ ಸಾಮಾನ ಅದ್ರಿ" ಅಂದೆ.

"ಆದ್ಮೀ ಭೀ ತೋ ಹೈ ಬೇಟಾ" ಅಂದಳು.

ಮನಶ್ಯಾನೂ ಅದಾನಲ್ಲ, ಖರೇ ಅನಸ್ತು. ಬಾಗಿಲು ತೆಗದೆ. ನಾಕು ಮಂದಿ ಎತ್ತಿ ಒಳಗ ಮಲಗಿಸಿದ್ವಿ. ಅದು ಗಾಳಿ ಆಡೋ ಡಬ್ಬಿ ಅಲ್ಲ, ಬಾಗಿಲು ಮುಚ್ಚಿದ್ರ ಮನಶ್ಯಾ ಸಾಯತಾನ. ಹಿಂಗಾಗಿ ಒಂದು ಬಾಗಿಲು ತೆರದಿಟ್ಟು ಮುನ್ನಿ ಬೀ ಬಾಗಿಲಿಗಿ ಕಟ್ಟಿದ ಹಗ್ಗ ಹಿಡದು ಒಳಗ ಕುಂತಳು, ಅವನ ಮೈಮ್ಯಾಲ ನೀರು ಹೊಡೀತಾ. ಬಂಗ್ಲಾ ಕ್ರಾಸಿನಿಂದ ಬಸವಕಲ್ಯಾಣದ ದವಾಖಾನಿ ತನಕಾ ಹಾರ್ನ್ ಮ್ಯಾಲಿಂದ ಕೈ ತೆಗೀಲಿಲ್ಲ. ಡಾಕ್ಟ್ರು ಹೇಳಿದ್ರು, ಇನ್ನೊಂದು ಹತ್ತು ನಿಮಿಷ ತಡ ಆಗಿದ್ರ ಹೋಗತಿದ್ದ ಅಂತ.

ಅಲ್ಲಿಗೆ ಬಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಮುನ್ನಿ ಬೀಗಿ ಓದಾಕ ಬರಂಗಿಲ್ಲ, ಕಾಗದಕ್ಕ ಸಹಿ ಬೇಕು, ಗುಳಗಿ ತರಬೇಕು. ಅವನ ಹೆಂಡತಿ ಕೊಹಿನೂರದಿಂದ ಬರೋ ತನಕಾ ಕುಂತೆ. ಗಾಡಿ ಬಿಸಲಾಗೇ ನಿಂತಿತ್ತು, ಎಂಜಿನ್ ಬಂದ್ ಇದ್ದ ಮ್ಯಾಲ ಥಂಡಿ ಮಶೀನೂ ಬಂದ್. ನಾ ಹೊರಗ ಬಂದಾಗ ನಾಕು ದಾಟಿತ್ತು.

ಇಲ್ಲಿ ತನಕಾದ್ದು ಯಾರ ಮುಂದಾದ್ರೂ ಹೇಳತೀನಿ ಮಗಾ.

ಮಶೀನ್ ಚಾಲೂ ಮಾಡಿದೆ. ಫಿನೈಲ್ ಹಾಕಿ ಗಾಡಿ ನೆಲ ವರಸಿದೆ. ಒಂದೂವರಿ ತಾಸು ರೋಡಿನ ಮ್ಯಾಲ ಸುಮ್ ತಿರಗಿದೆ, ಥಂಡಾಗಲಿ ಅಂತ. ಕ್ಯಾನು ಮುಟ್ಟಿ ನೋಡಿದೆ, ಮೈ ಥಂಡ ಇತ್ತು. ಒಳಗಿನದು ನೋಡಲಿಲ್ಲ. ನೀ ಕೊಟ್ಟ ಸೂಜಿ ನನ್ನ ಸೀಟಿನ ಬಾಜೂಕೇ ಇತ್ತು. ಅದನ್ನ ಕೈಯಾಗ ಹಿಡದು, ಮತ್ತ ಇಟ್ಟೆ. ನೋಡಿದ್ರ ಗೊತ್ತಾಗತದ, ಗೊತ್ತಾದ್ರ ಹೇಳಬೇಕಾಗತದ ಅಂತ ಅಂಜಿದೆ. ಚೀಟಿ ಮ್ಯಾಲ ನಾಲ್ಕು ಅಂತ ಬರದೆ.

ಯಾಕ ಹೇಳಲಿಲ್ಲ ಅಂತ ಕೇಳತಿ. ಗಾಡಿ ಮಾಲಕ ಅಜೀತ ಕೆಲಸದಿಂದ ತೆಗೀತಾನ, ಅದೊಂದು. ಇನ್ನೊಂದು ನಿನಗ ಹೇಳಾಕ ನಾಚಿಕಿ ಆಗತದ. ಮದುವಿ ಮನಿ ಮುಂದ ನಿಂತು, "ನಿಮ್ಮ ಬಾಸುಂದಿ ಬಾಜೂಕ ಒಬ್ಬ ಬ್ಯಾನಿ ಮನಶ್ಯಾ ಮಲಗಿದ್ದ, ತಂದಾಂವ ನಾನು" ಅಂದ್ರ, ಅವ್ರು ಮೊದಲು ನನ್ನ ಜಾತಿ ಕೇಳತಿದ್ರು, ಆಮ್ಯಾಲ ಡಿಗ್ರಿ. ಹಂಗಂತ ನಾನೇ ಮನಸಿನಾಗ ಅಂದಕೊಂಡೆ. ಅವ್ರು ಅಂದೂ ಇರಲಿಲ್ಲ.

ಮರುದಿನ ಸುದ್ದಿ ಬಂತು. ಸುಂದರಬಾಯಿ ಹೆಸರು ಕೇಳಿದೆ. ಪೌರ್ಣಿಮಿ ದಿನ ನಿನ್ನ ಮುಂದ ಕುಂತು ಉಣ್ಣಲಿಲ್ಲ ಅಂದಿ, ಅದಕ್ಕೇ ಉಣ್ಣಲಿಲ್ಲ.

ನಿನ್ನ ಅಪ್ಪ


ಹುಮನಾಬಾದ
5 ಜೂನ್ 2025

ಅಪ್ಪಾ,

ನಿನ್ನ ಕಾಗದ ಪ್ಯಾಕಿಂಗ್ ಖೋಲಿ ಹಿಂದ ನಿಂತು ಓದಿದೆ. ಪಂಡರಿಯ ಮಾತು ಬಂದಾಗ ಆಗಿಂದಾಗೇ ಬಸ್ಸು ಹತ್ತಿ ಬಂದು ನಿನ್ನ ಕಾಲು ಹಿಡೀಬೇಕು ಅನಸ್ತು. ಮುಂದ ಓದಿದೆ. ಬಸ್ಸು ಹತ್ತಲಿಲ್ಲ.

ನಾಕೂ ಕಾಲಿನ ತನಕಾ ನೀ ಮಾಡಿದ್ದಕ್ಕ ಯಾರಾದ್ರೂ ಬೆರಳು ತೋರಿಸಿದ್ರ ನಾ ಜಗಳಾಡತೀನಿ. ಹತ್ತು ಕ್ಯಾನು ಬಾಸುಂದಿ ಹಳ್ಳಕ್ಕ ಸುರದಿದ್ರೂ ಜಗಳಾಡತಿದ್ದೆ. ಆಮ್ಯಾಲಿನ ಒಂದೂವರಿ ತಾಸಿಗಿ ನಾ ಜಗಳಾಡಂಗಿಲ್ಲ.

ನನ್ನದೂ ಒಂದು ತಪ್ಪು ಅದ, ನಿನಗ ಹೇಳಬೇಕು. ಗಾಡಿ ತಿರಗಿ ಬಂದ ಮ್ಯಾಲ ಲಾಗರ್ ತೆಗದು ನೋಡಿ, ಆಮ್ಯಾಲ ಚೀಟಿಗಿ ಸಹಿ ಹಾಕೋದು ನನ್ನ ಕೆಲಸ. ಬ್ಯಾರೆ ಯಾವ ಡ್ರೈವರ್ ಆಗಿದ್ರೂ ಅವತ್ತೇ ನೋಡತಿದ್ದೆ. ನಿನ್ನ ಅಕ್ಷರ ನೋಡಿ ಸಹಿ ಹಾಕಿದೆ. ಹನ್ನೊಂದು ದಿನ ಲಾಗರ್ ಮುಟ್ಟಲಿಲ್ಲ. ಒಂಬತ್ತನೇ ತಾರೀಖೇ ನೋಡಿದ್ರ ದವಾಖಾನಿಯವರಿಗಿ ಯಾತರಿಂದ ಆತು ಅಂತ ಗೊತ್ತಾಗತಿತ್ತು, ಸುಂದರಬಾಯಿ ಹೆಸರು ಪೇಪರಿಗೇ ಬರತಿರಲಿಲ್ಲ.

ಗೆರಿಯ ಪ್ರತಿ ತಗೊಂಡೀನಿ. ಮ್ಯಾನೇಜರ್ ಸಾಹೇಬ್ರಿಗಿ ಹೇಳೇ ತಗೊಂಡೀನಿ. ಅವ್ರು ನನ್ನ ಮುಖ ನೋಡಿ, "ನಿಮ್ಮಪ್ಪಂದೇ ಗಾಡಿ ಅಲ್ಲೇನು?" ಅಂದ್ರು. ಹೌದ್ರಿ ಅಂದೆ.

ಪ್ರತಿ ಇದರ ಜೋಡಿ ಇಟ್ಟೀನಿ. ಆಹಾರ ಇಲಾಖಿ ಆಫೀಸಿಗಿ ಆಮ್ಯಾಲ ಹೋಗು, ಮೊದಲು ಸುಂದರಬಾಯಿ ಅವರ ಮನಿಗಿ ಹೋಗು. ಹತ್ತನೇ ತಾರೀಖಿನ ತನಕಾ ನೀ ಹೋಗದಿದ್ರ ನಾ ಹೋಗತೀನಿ. ಈ ಸಲ ನರಸಿಂಗನ ಮಗಳು ಅಂತ ಹೇಳೇ ಹೋಗತೀನಿ.

ಆಮ್ರಪಾಲಿ


ಮೋರಖಂಡಿ
18 ಜೂನ್ 2025

ಮಗಾ,

ಒಂಬತ್ತಕ್ಕ ಹೋಗಿದ್ದೆ. ನಿಮ್ಮವ್ವಗ ಹೇಳಿದೆ, ಆಕಿ ಅತ್ತಳು, ಆಮ್ಯಾಲ ನನ್ನ ಅಂಗಿ ಇಸ್ತ್ರಿ ಮಾಡಿ ಕೊಟ್ಟಳು.

ಸುಂದರಬಾಯಿ ಬಾಗಿಲದಾಗ ಅಕ್ಕಿ ಆರಸಾಕತ್ತಿದ್ದಳು. ಹೊರಗೇ ನಿಂತು ಎಲ್ಲಾ ಹೇಳಿದೆ. ಗೆರಿಯ ಕಾಗದ ಕೊಟ್ಟೆ, ತಿರವಿ ತಿರವಿ ನೋಡಿದಳು.

"ಹಂಗಾದ್ರ ನನ್ನ ಕೈಯಿಂದ ಆಗಿಲ್ಲ?" ಅಂದಳು.

"ಇಲ್ರಿ ಅಕ್ಕಾ. ನನ್ನಿಂದ ಆಗ್ಯಾದ."

ಅಕ್ಕಿ ಮೊರ ಕೆಳಗಿಟ್ಟು ಎದ್ದಳು. ಹೊಡೀತಾಳ ಅಂತ ತಿಳಕೊಂಡೆ, ಹೊಡದಿದ್ರ ಛಲೋ ಆಗತಿತ್ತು. ಒಳಗ ಹೋಗಿ ನೀರು ಕುಡದು ಬಂದಳು. "ಒಂದು ತಿಂಗಳು ನನ್ನ ಕೈ ನಾನೇ ಮುಟ್ಟಾಕ ಹೇಸಿದೆನಪಾ. ಮೊಮ್ಮಗಳಿಗಿ ತುತ್ತು ಮಾಡಿ ಹಾಕಿಲ್ಲ" ಅಂದಳು.

ಆಫೀಸಿಗಿ ಹೋಗಿ ಬರದು ಕೊಡತೀನಿ ಅಂದೆ. "ಕೊಡು. ಆದ್ರ ಆಫೀಸಿನವ್ರು ನನ್ನ ಅಡಗಿ ಉಂಡಿಲ್ಲ. ಉಂಡವ್ರು ಅದಾರಲ್ಲ ಅರವತ್ನಾಲ್ಕು ಮಂದಿ, ಅವರ ಮನಿ ಮನಿಗಿ ಹೋಗಿ ಹೇಳು. ನಾ ಹೇಳಿದ್ರ ಯಾರೂ ನಂಬಂಗಿಲ್ಲ" ಅಂದಳು.

ಆಹಾರ ಇಲಾಖಿಯ ಸಾಹೇಬ್ರಿಗಿ ಬರದು ಕೊಟ್ಟೀನಿ. ಕೇಸು ನಡೀತದ, ಏನಾಗತದೋ ಆಗಲಿ. ಅಜೀತ ಅವತ್ತೇ ಗಾಡಿ ಕೀಲಿ ತಗೊಂಡ. ಇಪ್ಪತ್ತಮೂರು ಮನಿ ಅದಾವ, ನಾರಾಯಣಪುರದಾಗ ಹದಿನೇಳು, ಕಲ್ಯಾಣದಾಗ ಆರು. ನಾಕು ಮನಿ ಮುಗದಾವ. ಒಂದು ಮನ್ಯಾಗ ನಾಯಿ ಬಿಟ್ರು.

ನಿನ್ನ ಅಪ್ಪ


ಹುಮನಾಬಾದ
30 ಜೂನ್ 2025

ಅಪ್ಪಾ,

ಪೇಪರ್ ನೋಡಿದ್ಯಾ? ನಿನ್ನ ಫೋಟೋ ಹಾಕ್ಯಾರ, ಪಂಡರಿ ಬಾಜೂಕ ನಿಂತಾನ. "ಕೂಲಿಕಾರನ ಪ್ರಾಣ ಉಳಿಸಿದ ಚಾಲಕ" ಅಂತ ಹೆಡ್ಡಿಂಗು. ಬಾಸುಂದಿ ಸುದ್ದಿ ಕೆಳಗ ಎರಡು ಸಾಲು. ಸುಂದರಬಾಯಿ ಹೆಸರೇ ಇಲ್ಲ, "ಅಡುಗೆಯವರ ತಪ್ಪಿಲ್ಲವೆಂದು ತಿಳಿದುಬಂದಿದೆ" ಅಷ್ಟೇ. ತಪ್ಪು ಹಚ್ಚೋ ಮುಂದ ಹೆಸರು, ಊರು, ಓಣಿ ಎಲ್ಲಾ ಬರದಿದ್ರು.

ಡೈರಿಯಾಗ ಮಂದಿ ನನಗ ಕೈ ಕುಲಕತಾರ, ನಿಮ್ಮಪ್ಪ ದೊಡ್ಡ ಮನಶ್ಯಾ ಅಂತಾರ. ಮ್ಯಾನೇಜರ್ ಸಾಹೇಬ್ರು ನನ್ನನ್ನ ತಪಾಸಣಿ ಖೋಲಿಯಿಂದ ಪ್ಯಾಕಿಂಗಿಗಿ ಹಾಕ್ಯಾರ. ಸಹಿ ನನ್ನದೇ ಇತ್ತು, ನಾ ಇಲ್ಲ ಅನ್ನಂಗಿಲ್ಲ.

ಶನಿವಾರ ಸುಂದರಬಾಯಿ ಅವರ ಮನಿಗಿ ಹೋಗಿದ್ದೆ. ಪಾತೇಲಿ ಇನ್ನೂ ಬೋರಲೇ ಅದಾವ.

ನಿನಗ ಹಾರ ಹಾಕಾಕ ಬರತಾರ ಅಂತ ಕೇಳೀನಿ. ಹಾಕಿಸಿಕೋತಿ ಏನು?

ಆಮ್ರಪಾಲಿ


ಮೋರಖಂಡಿ
22 ಜುಲೈ 2025

ನನ್ನವ್ವಾ ಆಮ್ರಪಾಲಿ,

ಹಾರ ಹಾಕಾಕ ಬಂದವ್ರಿಗಿ ಚಹಾ ಕುಡಿಸಿ ಕಳಿಸೀನಿ.

ಇಪ್ಪತ್ತಮೂರೂ ಮನಿ ಮುಗದವು. ಬೈದವ್ರು ಬೈದ್ರು. ಕೆಲವ್ರು ಪೇಪರಿನ ಫೋಟೋ ಗುರ್ತು ಹಿಡದು ಒಳಗ ಕರದು ಕೂಡಿಸಿದ್ರು, ಬೈಸಿಕೊಳ್ಳೋದಕ್ಕಿಂತ ಅದು ಭಾಳ ತ್ರಾಸ ಆತು. "ಆಗಿದ್ದು ಆತು ಬಿಡ್ರಿ, ಒಂದು ಜೀವ ಉಳಿತಲ್ಲ" ಅಂದ್ರು. ನಾ, "ಅದು ಬ್ಯಾರೆ ಮಾತ್ರಿ. ಸುಂದರಬಾಯಿ ಕೈ ಸ್ವಚ್ಛ ಇತ್ತು ಅಂತ ಹೇಳಾಕ ಬಂದೀನಿ, ಅಷ್ಟು ತಿಳಕೋರಿ" ಅಂತ ಎಲ್ಲಾರ ಮುಂದ ಇದೇ ಮಾತು ಹೇಳಿದೆ.

ನಡುವ ಪಂಡರಿ ಹೆಂಡತಿ ಜೋಡಿ ನಮ್ಮ ಮನಿಗಿ ಬಂದಿದ್ದ. ಅರವತ್ನಾಲ್ಕು ಮಂದಿ ನರಳಿದ್ದು ಅವನಿಗಿ ಪೇಪರ್ ಬಂದ ಮ್ಯಾಲೇ ಗೊತ್ತಾಗ್ಯಾದ. ನಿಮ್ಮವ್ವ ಬಡಿಸಿದ್ದು ಮುಟ್ಟಲಿಲ್ಲ. "ಕಾಕಾ, ನನ್ನೊಬ್ಬನ ಸಲುವಾಗಿ ಇಷ್ಟು ಮಂದಿಗಿ..." ಅಂದು ತಲಿ ಕೆಳಗ ಹಾಕಿದ. "ನಿನ್ನ ಸಲುವಾಗಿ ಆಗಿಲ್ಲೋ ತಮ್ಮಾ. ನಿನ್ನ ಇಳಿಸಿದ ಮ್ಯಾಲ ನಾ ಬಾಯಿ ಮುಚ್ಚಿಕೊಂಡಿದ್ದಕ್ಕ ಆಗ್ಯಾದ. ಉಣ್ಣು" ಅಂದೆ. ಕೈ ತೊಳಕೊಂಡು ಬಂದು ಉಂಡ.

ಕಡೀಕ ಉಳದದ್ದು ಮದುಮಗನ ಮನಿ. ಬೇಕಂತೇ ಕಡೀಕ ಇಟ್ಟಿದ್ದೆ, ಧೈರ್ಯ ಇರಲಿಲ್ಲ. ಮದುಮಗನ ಅಜ್ಜ ಮಹಾರುದ್ರಪ್ಪ ಸಾವಕಾರ್ರು ಕಟ್ಟಿ ಮ್ಯಾಲ ಕುಂತಿದ್ರು. ಅಜ್ಜಿ ಒಳಗಿಂದ ಗ್ವಾಡಿ ಹಿಡಕೊಂಡು ಬಂದಳು. ದವಾಖಾನಿಯಿಂದ ಬಂದು ತಿಂಗಳ ಮ್ಯಾಲಾದ್ರೂ ನಡದ್ರ ಕಾಲು ನಡಗತಾವ. ನಾ ಹೇಳೋದು ಪೂರಾ ಕೇಳಿ, ಒಂದೇ ಮಾತು ಕೇಳಿದಳು.

"ಅವತ್ತು ನಮ್ಮ ಮನಿ ಮುಂದ ಗಾಡಿ ನಿಲ್ಲಿಸಿ, 'ಅಮ್ಮಾ, ದಾರ್ಯಾಗ ಹಿಂಗಾತು, ಬಾಸುಂದಿ ಉಣಬ್ಯಾಡ್ರಿ' ಅಂದಿದ್ರ ನಾವು ನಿನಗ ಏನು ಮಾಡತಿದ್ವಿ ಅಂತ ತಿಳಕೊಂಡಿದ್ದಿ?"

ನಾ ಸಾವಕಾರ್ರ ಮುಖ ನೋಡಿದೆ ಮಗಾ. ಸಾವಕಾರ್ರು ಆ ಕಡಿ ಮುಖ ತಿರವಿದ್ರು. ಏನು ಮಾಡತಿದ್ರು ಅಂತ ಅವ್ರಿಗೂ ಗೊತ್ತಿತ್ತೋ ಇಲ್ಲೋ, ನನಗ ತಿಳೀಲಿಲ್ಲ. ಅಜ್ಜಿ ಇಬ್ಬರನ್ನೂ ನೋಡಿದಳು. ಆಮ್ಯಾಲ, "ಪಂಚಮಿ ಮುಂದ ಮೊಮ್ಮಗಳ ಕೂಸಿಗಿ ಹೆಸರಿಡೋದು ಅದ, ನಲವತ್ತು ಮಂದಿ ಉಣ್ಣತಾರ. ಅಡಗಿಗಿ ಸುಂದರಬಾಯಿ ಬರಲಿ ಅಂತ ಹೇಳು" ಅಂದಳು.

ಸೀದಾ ಕಲ್ಯಾಣಕ್ಕ ಹೋದೆ. ಓಡಿದೆ ಅನ್ನು. ಸುಂದರಬಾಯಿಗಿ ಹೇಳಿದ್ರ ಖುಷಿ ಆಗತಾಳ ಅಂತ ತಿಳಕೊಂಡಿದ್ದೆ. ಆಕಿ ಹೊಸ್ತಿಲ ಮ್ಯಾಲೇ ಕುಂತುಬಿಟ್ಟಳು. "ನಲವತ್ತು ಮಂದಿ ಅಂದ್ಯಾ? ಅಷ್ಟೂ ಮಂದಿಗಿ ನಾ ಮಾಡಲಾ?" ಅಂತ ಮತ್ತ ಮತ್ತ ಕೇಳಿದಳು. ಈಗ ಮನ್ಯಾಗ ಅನ್ನ ಮಾಡಿದ್ರೂ ಮೊದಲು ತಾನು ಉಂಡು, ಎರಡು ತಾಸು ಕುಂತು ನೋಡಿ, ಆಮ್ಯಾಲ ಮೊಮ್ಮಗಳಿಗಿ ಹಾಕತಾಳಂತ. ತಪ್ಪು ತನ್ನದಲ್ಲ ಅಂತ ಆಕಿಗಿ ಗೊತ್ತದ. ನಾನೇ ಹೇಳೀನಿ, ಕಾಗದಾ ತೋರಿಸೀನಿ. ಆದ್ರೂ ಕೈ ಅಂಜತಾವ.

ಇನ್ನ ನಾ ಹೇಳಿ ಆಗೋದು ಏನೂ ಉಳದಿಲ್ಲ. ಕಡೀಕ ಆಕೀನೇ ಕೇಳಿದಳು, "ನಿನ್ನ ಮಗಳು ಬರತಾಳೇನು? ಸೂಜಿ ಹಾಕಿ ನೋಡೋದು ಆಕಿಗಿ ಬರತದಲ್ಲ. ಆಕಿ ಬಾಜೂಕ ನಿಂತು ಬರಾಬರ್ ಅದ ಅಂದ್ರ ನಾ ಪಾತೇಲಿ ಇಳಸತೀನಿ. ಇಲ್ಲಂದ್ರ ನನ್ನ ಕೈಲಿ ಆಗಂಗಿಲ್ಲ."

ಬರತಾಳ ಅಂತ ನಿನ್ನ ಕೇಳದೇ ಹೇಳಿಬಿಟ್ಟೀನಿ. ನನ್ನ ಮಾತು ನಂಬು ಅಂತ ನಾ ಹೇಳಂಗಿಲ್ಲ. ಆಕಿ ಸಲುವಾಗಿ ಬಾ.

ಹೆಸರಿಡೋದು ಬರೋ ರವಿವಾರ. ಮುಂಜಾನಿ ಆರಕ್ಕ ನಾ ಬಂಗ್ಲಾ ಕ್ರಾಸಿನಾಗ ನಿಂತಿರತೀನಿ. ಗಾಡಿ ಇಲ್ಲ, ಅಲ್ಲಿಂದ ಇಬ್ಬರೂ ಟಮಟಮ್ ಹಿಡದು ಹೋಗೋಣು.

ನಿನ್ನ ಅಪ್ಪ
ನರಸಿಂಗ